ಕಾಫಿ ಎಲೆಯ ಒಳಗನ್ನು ಮೇಜಿನ ಮೇಲಿಟ್ಟು ನೋಡುವ ಕ್ರಮ: ಅಂಗಾಂಶದ ಸ್ಕ್ಯಾನ್‌ಗೆ ಮಿಕ್ಸೆಡ್ ರಿಯಾಲಿಟಿ

ಕಾಫಿ ಎಲೆಗೆ ಶಿಲೀಂಧ್ರದಿಂದ ಬರುವ ತುಕ್ಕು ರೋಗದ ಪಾಠ ಮಾಡಿದ ಪ್ರತಿ ವರ್ಷವೂ ಉತ್ತರ ಪತ್ರಿಕೆಯಲ್ಲಿ ನನಗೆ ಒಂದೇ ತಪ್ಪು ಸಿಗುತ್ತಿತ್ತು: ‘ಬೀಜಕವು ಪತ್ರರಂಧ್ರದ ಮೂಲಕ ಎಲೆಯೊಳಗೆ ಹೋಗುತ್ತದೆ.’ ಬೀಜಕ ಎಂದರೆ ಶಿಲೀಂಧ್ರವನ್ನು ಹರಡುವ ಬೀಜದಂಥ ಕಣ, ಪತ್ರರಂಧ್ರ ಎಂದರೆ ಎಲೆ ಉಸಿರಾಡುವ ಸಣ್ಣ ತೂತು. ಹೋಗುವುದು ಬೀಜಕವಲ್ಲ. ಅದು ಎಲೆಯ ಅಡಿಭಾಗದಲ್ಲಿ ಅಂಟಿಕೊಂಡು, ನೀರಿನ ಹನಿಯಲ್ಲಿ ಮೊಳೆತು, ಒಂದು ಎಳೆಯನ್ನು ಹೊರಚಾಚಿ, ಆ ಎಳೆಯ ತುದಿ ಪತ್ರರಂಧ್ರದ ಮೇಲೆ ಉಬ್ಬಿ ಕೂತು, ಅಲ್ಲಿಂದ ಸಪೂರ ಎಳೆಯೊಂದು ಒಳಗಿಳಿಯುತ್ತದೆ. ಬೋರ್ಡಿನ ಮೇಲೆ ಬರೆದೆ, ಸ್ಲೈಡ್ ತೋರಿಸಿದೆ, ಸೂಕ್ಷ್ಮದರ್ಶಕಕ್ಕೆ ಕಣ್ಣಿಡಿಸಿದೆ. ತಪ್ಪು ಹೋಗಲಿಲ್ಲ. ಇಲ್ಲಿನ ಮಕ್ಕಳಲ್ಲಿ ಅರ್ಧದಷ್ಟು ಜನ ಕಾಫಿ ತೋಟದಿಂದಲೇ ಬರುವವರು. ಜುಲೈ ಮಳೆಯಲ್ಲಿ ಎಲೆಯ ಅಡಿಯ ಕಿತ್ತಳೆ ಬಣ್ಣದ ಪುಡಿಯನ್ನು ಬೆರಳಲ್ಲಿ ಒರೆಸಿ ಬೆಳೆದವರು. ಅವರಿಗೆ ರೋಗ ಗೊತ್ತು, ಆದರೆ ಅಳತೆ ಗೊತ್ತಿಲ್ಲ. ಬೀಜಕ ಎಷ್ಟು ದೊಡ್ಡದು, ರಂಧ್ರ ಎಷ್ಟು ಚಿಕ್ಕದು ಎಂಬುದು ಕೈಗೆ ಸಿಕ್ಕಿರಲಿಲ್ಲ.

ಅದು ಕೈಗೆ ಸಿಕ್ಕಿದ್ದು, ಕಣ್ಣಿಗೆ ಕಟ್ಟಿಕೊಂಡು ಕಂಪ್ಯೂಟರ್ ಚಿತ್ರ ನೋಡುವ ಮಿಕ್ಸೆಡ್ ರಿಯಾಲಿಟಿ ಹೆಡ್‌ಸೆಟ್ ಹಾಕಿದ ದಿನ. ಅದೇ ಎಲೆಯ ಸ್ಕ್ಯಾನ್ ಪ್ರಯೋಗಾಲಯದ ಮೇಜಿನ ಮೇಲೆ ಒಂದು ಮಣೆಯ ಗಾತ್ರಕ್ಕೆ ಕೂತಿತ್ತು. ವಿದ್ಯಾರ್ಥಿನಿಯೊಬ್ಬಳು ಬಗ್ಗಿ ನೋಡಿ, “ಮೇಡಂ, ಇದು ಆ ತೂತಲ್ಲಿ ಹಿಡಿಸೋದೇ ಇಲ್ವಲ್ಲ!” ಎಂದಳು. ನನಗೆ ಬೇಕಿದ್ದದ್ದು ಆ ಮಾತು. ಅದನ್ನು ಹೇಗೆ ಸಿದ್ಧಮಾಡಿದೆವು ಎಂಬುದನ್ನು, ನಾವು ಎಡವಿದ ಜಾಗಗಳ ಸಮೇತ, ಇಲ್ಲಿ ಬರೆಯುತ್ತಿದ್ದೇನೆ. ಪಿಯು, ಪದವಿ ಉಪನ್ಯಾಸಕರಿಗೆ, ಸಂಶೋಧನೆಗೆ ಕಾಲಿಡುತ್ತಿರುವ ವಿದ್ಯಾರ್ಥಿಗಳಿಗೆ ಉಪಯೋಗಕ್ಕೆ ಬರಬಹುದು.

ಮೊದಲು ಒಂದು ವ್ಯತ್ಯಾಸ ಸ್ಪಷ್ಟವಿರಲಿ. ವರ್ಚುವಲ್ ರಿಯಾಲಿಟಿಯಲ್ಲಿ ಕೋಣೆ ಮರೆಯಾಗುತ್ತದೆ. ಕಾಣುವುದೆಲ್ಲ ಕಂಪ್ಯೂಟರ್ ಬರೆದದ್ದೇ. ಮಿಕ್ಸೆಡ್ ರಿಯಾಲಿಟಿಯಲ್ಲಿ ನಿಮ್ಮ ಮೇಜು, ನಿಮ್ಮ ಕೈ, ಎದುರಿನ ವಿದ್ಯಾರ್ಥಿ ಎಲ್ಲರೂ ಕಾಣುತ್ತಿರುತ್ತಾರೆ, ಅವರ ನಡುವೆ ಸ್ಕ್ಯಾನ್ ಕೂತಿರುತ್ತದೆ. ಪಾಠಕ್ಕೆ ನಾನು ಎರಡನೆಯದನ್ನೇ ಆರಿಸುತ್ತೇನೆ. ತೋಟದಿಂದ ಕಿತ್ತು ತಂದ ನಿಜವಾದ ಎಲೆಯನ್ನು ಒಂದು ಕೈಯಲ್ಲಿ ಹಿಡಿದು, ಅದರದೇ ಸಾವಿರ ಪಟ್ಟು ದೊಡ್ಡ ತುಂಡನ್ನು ಪಕ್ಕದಲ್ಲಿ ನೋಡಲು ಸಾಧ್ಯವಾಗುವುದು ಅದರಲ್ಲಿ ಮಾತ್ರ.

ಪ್ರಶ್ನೆ ಬರೆದಿಟ್ಟುಕೊಳ್ಳಿ

ಕಂಪ್ಯೂಟರ್ ತೆರೆಯುವ ಮುಂಚೆ ಒಂದು ಹಾಳೆಯಲ್ಲಿ ಒಂದೇ ಪ್ರಶ್ನೆ ಬರೆಯಿರಿ. ನಮ್ಮದು ‘ಶಿಲೀಂಧ್ರ ಎಲ್ಲಿಂದ, ಯಾವ ದಪ್ಪದಲ್ಲಿ ಒಳಗೆ ಹೋಗಿದೆ?’ ಎಂಬುದಾಗಿತ್ತು. ಪ್ರಶ್ನೆ ಇಲ್ಲದೆ ಹೆಡ್‌ಸೆಟ್ ಹಾಕಿದರೆ ಎಲ್ಲವೂ ಚೆಂದ ಕಾಣುತ್ತದೆ, ತೆಗೆದ ಮೇಲೆ ಏನೂ ಉಳಿಯುವುದಿಲ್ಲ. ಯಾವ ಭಾಗ ಕತ್ತರಿಸಬೇಕು, ಯಾವ ಬಣ್ಣ ಕೊಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನೆಲ್ಲ ಮುಂದೆ ಈ ಒಂದು ಸಾಲೇ ತೀರ್ಮಾನಿಸುತ್ತದೆ.

ಬೇಕಾದ ಸಾಮಗ್ರಿ

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಒಂದು ಲ್ಯಾಪ್‌ಟಾಪ್, 16 ಜಿಬಿ ಮೆಮೊರಿ ಇದ್ದರೆ ಒಳ್ಳೆಯದು. ಬಣ್ಣದಲ್ಲಿ ಹೊರಗಿನ ಕೋಣೆಯನ್ನು ತೋರಿಸಬಲ್ಲ ಒಂದು ಹೆಡ್‌ಸೆಟ್. 2023ರಲ್ಲಿ ಬಂದ ಮೆಟಾ ಕ್ವೆಸ್ಟ್ 3, ಮರುವರ್ಷದ 3ಎಸ್ ಈ ಕೆಲಸಕ್ಕೆ ಸಾಕು. ಮೈಕ್ರೋಸಾಫ್ಟ್‌ನ ಹೋಲೋಲೆನ್ಸ್ 2 ನಿಮ್ಮ ಸಂಸ್ಥೆಯಲ್ಲಿ ಈಗಾಗಲೇ ಇದ್ದರೆ ಬಳಸಿ, ಆದರೆ ಅದರ ತಯಾರಿಕೆ 2024ರಲ್ಲಿ ನಿಂತಿದೆ, ಹೊಸದಾಗಿ ಹುಡುಕಿಕೊಂಡು ಹೋಗಬೇಡಿ. ತಂತ್ರಾಂಶಗಳು ಮೂರು: ಸೂಕ್ಷ್ಮದರ್ಶಕದ ಚಿತ್ರಗಳ ಅಳತೆ, ಗಾತ್ರ ಸರಿಮಾಡಲು ಫಿಜಿ, ಅವುಗಳಿಂದ ಮೂರು ಆಯಾಮದ ಮೇಲ್ಮೈ ಬಿಡಿಸಲು ತ್ರೀಡಿ ಸ್ಲೈಸರ್, ಆ ಮಾದರಿಯನ್ನು ಹದ ಮಾಡಲು ಬ್ಲೆಂಡರ್. ಮೂರೂ ಉಚಿತ, ಮುಕ್ತ ತಂತ್ರಾಂಶ. ಮಳೆಗಾಲಕ್ಕೆ ಮುಂಚೆಯೇ ಇಳಿಸಿಟ್ಟುಕೊಳ್ಳಿ. ಜೂನ್ ಬಂತೆಂದರೆ ಮರ ಬಿದ್ದು ಕರೆಂಟ್ ಹೋಗುತ್ತದೆ, ಕರೆಂಟ್ ಜೊತೆ ಟವರ್ ಕೂಡ ಹೋಗುತ್ತದೆ.

ದತ್ತಾಂಶ ಎಲ್ಲಿಂದ?

ಎರಡು ದಾರಿಗಳಿವೆ. ಒಂದು, ಮುಕ್ತವಾಗಿ ಸಿಗುವ ದತ್ತಾಂಶ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ ಸಿಂಕ್ರೊಟ್ರಾನ್ ಕೇಂದ್ರದಲ್ಲಿ ಶಕ್ತಿಶಾಲಿ ಎಕ್ಸ್-ರೇ ಬಳಸಿ ತೆಗೆದ ಶ್ವಾಸಕೋಶ, ಮೂತ್ರಪಿಂಡ, ಹೃದಯಗಳ ಸ್ಕ್ಯಾನ್‌ಗಳು ‘ಹ್ಯೂಮನ್ ಆರ್ಗನ್ ಅಟ್ಲಾಸ್’ನಲ್ಲಿವೆ. ಇಡೀ ಅಂಗವನ್ನು ಸುಮಾರು 25 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಸೂಕ್ಷ್ಮತೆಯಲ್ಲಿ ತೆಗೆದು, ಆಯ್ದ ಜಾಗಗಳಲ್ಲಿ ಇನ್ನೂ ಒಳಕ್ಕೆ ಹೋಗಿದ್ದಾರೆ. ಮಡಿಕೇರಿಯಲ್ಲಿ ವೈದ್ಯಕೀಯ ಓದುವ ಮಕ್ಕಳಿಗೆ ಶುರುಮಾಡಲು ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಇಳಿಸುವಾಗ ಪೂರ್ತಿ ಅಂಗದ ದೊಡ್ಡ ಫೈಲಿಗೆ ಕೈಹಾಕಬೇಡಿ. ಗಾತ್ರ ತಗ್ಗಿಸಿದ ಆವೃತ್ತಿ ಇದ್ದರೆ ಅದನ್ನೇ ತೆಗೆದುಕೊಳ್ಳಿ.

ಇನ್ನೊಂದು, ನಿಮ್ಮದೇ ಮಾದರಿ. ನಮ್ಮದು ರೋಗ ಹಿಡಿದ ಅರೇಬಿಕಾ ಎಲೆ. ಎಲೆಯ ಹಸಿರನ್ನು ಆಲ್ಕೋಹಾಲ್‌ನಲ್ಲಿ ತೆಗೆದು ತಿಳಿಯಾಗಿಸಿ, ಶಿಲೀಂಧ್ರದ ಕೋಶಭಿತ್ತಿಯಲ್ಲಿರುವ ಕೈಟಿನ್‌ಗೆ ಅಂಟುವ ಡಬ್ಲ್ಯೂಜಿಎ ಎಂಬ ಪ್ರೋಟೀನಿಗೆ ಹೊಳೆಯುವ ಬಣ್ಣ ಸೇರಿಸಿ ಒಂದು ಚಾನೆಲ್ (ಒಂದೇ ಬಣ್ಣದ ಹೊಳಪನ್ನು ಹಿಡಿದ ಚಿತ್ರ), ಗಿಡದ ಕೋಶಭಿತ್ತಿಗೆ ಪ್ರೊಪಿಡಿಯಂ ಅಯೋಡೈಡ್ ಎಂಬ ಬಣ್ಣ ಹಾಕಿ ಇನ್ನೊಂದು ಚಾನೆಲ್. ಚಿತ್ರ ತೆಗೆಯಲು, ಮಾದರಿಯನ್ನು ಪದರ ಪದರವಾಗಿ ನೋಡಬಲ್ಲ ಕಾನ್‌ಫೋಕಲ್ ಸೂಕ್ಷ್ಮದರ್ಶಕ ಬೇಕು. ಅದು ನಮ್ಮ ಜಿಲ್ಲೆಯ ಕಾಲೇಜುಗಳ ಕೈಗೆಟುಕುವ ಯಂತ್ರವಲ್ಲ; ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್‌ನಂಥ ಸಂಸ್ಥೆಗಳ ಇಮೇಜಿಂಗ್ ಸೌಲಭ್ಯಗಳತ್ತ ಹೋಗಬೇಕಾಗುತ್ತದೆ. ಎಲೆಯ ಅಡಿಭಾಗ ಲೆನ್ಸಿನ ಕಡೆಗಿರಲಿ. ಕಾಫಿ ಎಲೆಯ ಪತ್ರರಂಧ್ರಗಳೆಲ್ಲ ಅಡಿಭಾಗದಲ್ಲೇ ಇರುವುದು. ನಾವು ಮೊದಲ ಸಲ ಮೇಲ್ಭಾಗವನ್ನು ಸ್ಕ್ಯಾನ್ ಮಾಡಿಸಿ, ಒಂದೂ ರಂಧ್ರವಿಲ್ಲದ ಚಿತ್ರ ಹಿಡಿದು ವಾಪಸ್ ಬಂದೆವು. ಒಂದು ದಿನದ ಪ್ರಯಾಣ ಹಾಳಾಯಿತು.

ಫಿಜಿಯಲ್ಲಿ ಅಳತೆ ಸರಿಮಾಡುವುದು

ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವ ಜಾಗ ಇದು, ಆದ್ದರಿಂದ ನಾನೂ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಸ್ಕ್ಯಾನ್ ಎಂದರೆ ಪದರಗಳ ಕಟ್ಟು. ಬಟರ್ ಫ್ರೂಟನ್ನು ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ಮತ್ತೆ ಒಂದರ ಮೇಲೊಂದು ಜೋಡಿಸಿದ ಹಾಗೆ. ಪ್ರತಿ ಬಿಲ್ಲೆಯಲ್ಲೂ ಚುಕ್ಕಿಗಳು. ಆ ಚುಕ್ಕಿಗೆ ದಪ್ಪವೂ ಸೇರಿದರೆ ಅದು ವೋಕ್ಸೆಲ್. ನಮ್ಮ ಸ್ಕ್ಯಾನ್‌ನಲ್ಲಿ ಪ್ರತಿ ಪದರ 1024 × 1024 ಚುಕ್ಕಿ, ಚುಕ್ಕಿಗೆ 0.3 ಮೈಕ್ರಾನ್. ಪದರದಿಂದ ಪದರಕ್ಕೆ 0.5 ಮೈಕ್ರಾನ್, ಒಟ್ಟು 120 ಪದರ. ಅಂದರೆ ಅಗಲ ಸುಮಾರು 307 ಮೈಕ್ರಾನ್, ಆಳ 60 ಮೈಕ್ರಾನ್. ಎರಡು ಚಾನೆಲ್, 16 ಬಿಟ್ ಎಂದರೆ ಫೈಲು ಸುಮಾರು 500 ಎಂಬಿ.

ಫಿಜಿಯಲ್ಲಿ ತೆರೆದ ಕೂಡಲೇ ಇಮೇಜ್ ಮೆನುವಿನ ಪ್ರಾಪರ್ಟೀಸ್‌ಗೆ ಹೋಗಿ, ಅಗಲ, ಎತ್ತರ, ಆಳದ ಅಳತೆಗಳನ್ನು ಸೂಕ್ಷ್ಮದರ್ಶಕದವರು ಕೊಟ್ಟ ಚೀಟಿಯೊಂದಿಗೆ ತಾಳೆ ನೋಡಿ. ಫೈಲಿನ ರೂಪ ಬದಲಿಸುವಾಗ ಈ ಅಳತೆ ಸದ್ದಿಲ್ಲದೆ ಕಳೆದುಹೋಗಿ, ಮೂರೂ ಕಡೆ 1 ಎಂದು ಕೂತುಬಿಡುತ್ತದೆ. ಹಾಗಾದರೆ ನಮ್ಮ 60 ಮೈಕ್ರಾನ್ ಎಲೆ 36 ಮೈಕ್ರಾನ್ ದಪ್ಪಕ್ಕೆ ಅಮುಕಿ ಹೋಗುತ್ತದೆ. ಪರದೆಯಲ್ಲಿ ಅದು ತಪ್ಪಾಗಿ ಕಾಣುವುದೂ ಇಲ್ಲ. ತೆಳ್ಳನೆಯ ಎಲೆ ಎಂದೇ ನಂಬುತ್ತೇವೆ. ಆದ್ದರಿಂದ ಪದರಗಳ ಸಂಖ್ಯೆಯನ್ನು ಪದರದ ಅಂತರದಿಂದ ಗುಣಿಸಿ, ಆ ಅಂಕಿಯನ್ನು ಹಾಳೆಯಲ್ಲಿ ಬರೆದಿಡಿ. ಮುಂದೆ ಪ್ರತಿ ಹಂತದಲ್ಲೂ ಅದಕ್ಕೆ ಹೋಲಿಸಿ.

ಅಳತೆ ಸರಿಯಿದ್ದರೂ ಇನ್ನೊಂದು ಮೋಸ ಉಳಿಯುತ್ತದೆ. ಬೆಳಕಿನ ಸೂಕ್ಷ್ಮದರ್ಶಕ ಅಡ್ಡಡ್ಡಲಾಗಿ ನೋಡುವಷ್ಟು ಚುರುಕಾಗಿ ಆಳದ ದಿಕ್ಕಿನಲ್ಲಿ ನೋಡಲಾರದು. ದುಂಡಗಿನ ವಸ್ತು ಆಳದ ಕಡೆಗೆ ಎಳೆದಂತೆ, ಕೋಳಿಮೊಟ್ಟೆಯ ಹಾಗೆ ಕಾಣುತ್ತದೆ. ಜೀವಕೋಶ ಉದ್ದವಾಗಿದೆ ಎಂದು ಬರೆಯುವ ಮುಂಚೆ, ಅದು ಉದ್ದವಾಗಿರುವುದು ಲೆನ್ಸ್ ನೋಡಿದ ದಿಕ್ಕಿಗೇನಾ ಎಂದು ಕೇಳಿಕೊಳ್ಳಿ. ಎಲ್ಲ ಕೋಶಗಳೂ ಒಂದೇ ದಿಕ್ಕಿಗೆ ಉದ್ದವಾಗಿದ್ದರೆ ಅನುಮಾನಪಡಿ.

ಇನ್ನು ಗಾತ್ರ ಇಳಿಸುವುದು. ಚಾನೆಲ್‌ಗಳನ್ನು ಬೇರ್ಪಡಿಸಿ, 8 ಬಿಟ್‌ಗೆ ತನ್ನಿ, ಸ್ಕೇಲ್ ಆಜ್ಞೆಯಲ್ಲಿ ಅಗಲ ಮತ್ತು ಎತ್ತರವನ್ನು ಮಾತ್ರ ಅರ್ಧ ಮಾಡಿ, ಆಳವನ್ನು ಮುಟ್ಟಬೇಡಿ. ಆಗ ವೋಕ್ಸೆಲ್ 0.6, 0.6, 0.5 ಮೈಕ್ರಾನ್ ಆಗಿ ಹೆಚ್ಚುಕಡಿಮೆ ಘನಾಕಾರವಾಗುತ್ತದೆ. ಫೈಲು 500 ಎಂಬಿಯಿಂದ ಸುಮಾರು 63 ಎಂಬಿಗೆ ಇಳಿಯುತ್ತದೆ. ಕೆಲವು ಮೈಕ್ರಾನ್ ದಪ್ಪದ ಎಳೆ ನೋಡುವುದಕ್ಕೆ ಇಷ್ಟು ಧಾರಾಳ. ಕಾಳುಕಾಳಾಗಿ ಕಂಡರೆ ಮೂರು ಆಯಾಮದ ಮೀಡಿಯನ್ ಫಿಲ್ಟರನ್ನು ಒಂದೇ ಸಲ, ಚಿಕ್ಕ ಅಳತೆಯಲ್ಲಿ ಹಾಕಿ. ಮೂಲ ಫೈಲಿನ ಮೇಲೆ ಎಂದಿಗೂ ಉಳಿಸಬೇಡಿ. ಚಾನೆಲ್ ಒಂದಕ್ಕೆ ಒಂದರಂತೆ ಎನ್‌ಆರ್‌ಆರ್‌ಡಿ ರೂಪದಲ್ಲಿ ಹೊಸ ಫೈಲು ಮಾಡಿಕೊಳ್ಳಿ.

ಸ್ಲೈಸರ್‌ನಲ್ಲಿ ಮೇಲ್ಮೈ ಬಿಡಿಸುವುದು

ತ್ರೀಡಿ ಸ್ಲೈಸರ್ ಆಸ್ಪತ್ರೆಯ ಚಿತ್ರಗಳಿಗಾಗಿ ಹುಟ್ಟಿದ್ದು, ಅದರ ಲೆಕ್ಕವೆಲ್ಲ ಮಿಲಿಮೀಟರ್‌ನಲ್ಲಿ. 0.0006 ಮಿ.ಮೀ.ನಂಥ ಅಂಕಿ ಕೊಟ್ಟರೆ ತಡವರಿಸುತ್ತದೆ. ಆದ್ದರಿಂದ ಮೈಕ್ರಾನನ್ನೇ ಮಿಲಿಮೀಟರ್ ಎಂದು ಒಪ್ಪಿಸಿಬಿಡಿ. ವಾಲ್ಯೂಮ್ಸ್ ಎಂಬಲ್ಲಿ ಅಂತರ 0.6, 0.6, 0.5 ಎಂದೇ ಇರಲಿ. ಈ ಒಪ್ಪಂದದಿಂದ ಮುಂದೆ ದೊಡ್ಡ ಅನುಕೂಲವೊಂದಿದೆ: ನಿಜದ ಒಂದು ಮೈಕ್ರಾನ್ ಮೇಜಿನ ಮೇಲೆ ಒಂದು ಮಿಲಿಮೀಟರ್. ಸರಿಯಾಗಿ ಸಾವಿರ ಪಟ್ಟು. ಮಕ್ಕಳು ಲೆಕ್ಕ ಹಾಕುವ ಕಷ್ಟವೇ ಇಲ್ಲ. 307 ಮೈಕ್ರಾನ್ ಅಗಲದ ಎಲೆಯ ತುಂಡು 30 ಸೆಂ.ಮೀ. ಅಗಲ, 6 ಸೆಂ.ಮೀ. ದಪ್ಪದ ಮಣೆಯಾಗಿ ಕೂರುತ್ತದೆ.

ಸೆಗ್ಮೆಂಟ್ ಎಡಿಟರ್‌ನಲ್ಲಿ ಶಿಲೀಂಧ್ರದ ಚಾನೆಲ್ ಆರಿಸಿ ತ್ರೆಶೋಲ್ಡ್ ಒತ್ತಿ. ಇಷ್ಟಕ್ಕಿಂತ ಹೆಚ್ಚು ಹೊಳೆಯುವುದೆಲ್ಲ ಶಿಲೀಂಧ್ರ, ಉಳಿದದ್ದು ಅಲ್ಲ ಎಂದು ಗೆರೆ ಎಳೆಯುವುದೇ ಇದು. ಹೆಡ್‌ಸೆಟ್‌ನಲ್ಲಿ ಕೊನೆಗೆ ಗಟ್ಟಿ ವಸ್ತುವಿನಂತೆ ಕಾಣುವುದು ಈ ಗೆರೆಯ ಫಲ. ಗೆರೆ ಸ್ವಲ್ಪ ಕೆಳಗಿಟ್ಟರೆ ಅಕ್ಕಪಕ್ಕದ ಎರಡು ಎಳೆಗಳು ಅಂಟಿಕೊಂಡು ಒಂದಾಗುತ್ತವೆ. ಮೇಲಿಟ್ಟರೆ ಒಂದೇ ಎಳೆ ಮಾಲೆ ಹರಿದಂತೆ ತುಂಡು ತುಂಡಾಗುತ್ತದೆ. ಓಟ್ಸು ಎಂಬ ಸ್ವಯಂಚಾಲಿತ ಕ್ರಮವಿದೆ, 1979ರಿಂದ ಬಳಕೆಯಲ್ಲಿರುವುದು. ಅದರಿಂದ ಶುರುಮಾಡಿ, ಆಮೇಲೆ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಇಟ್ಟು ಒಟ್ಟು ಮೂರು ಮಾದರಿ ಮಾಡಿ. ಮೂರರಲ್ಲೂ ಉಳಿಯುವ ಸಂಗತಿಯನ್ನು ಮಾತ್ರ ಪಾಠದಲ್ಲಿ ಹೇಳಿ. ನಾನು ಒಂದು ಸಲ ಎಳೆಯೊಂದು ಕೋಶಭಿತ್ತಿಯನ್ನೇ ತೂರಿಹೋಗಿದೆ ಎಂದು ಮಕ್ಕಳಿಗೆ ಉತ್ಸಾಹದಿಂದ ತೋರಿಸಿದ್ದೆ. ಗೆರೆ ಎರಡಂಕಿ ಮೇಲೇರಿಸಿದಾಗ ಆ ಜಾಗ ಮಾಯವಾಯಿತು. ಮರುದಿನ ತರಗತಿಯಲ್ಲಿ ಅದನ್ನು ತಿದ್ದಿ ಹೇಳಿದೆ.

ಚಿಲ್ಲರೆ ಚೂರುಗಳನ್ನು ಐಲ್ಯಾಂಡ್ಸ್ ಸಲಕರಣೆಯಿಂದ ತೆಗೆಯಿರಿ. ನುಣುಪು ಮಾಡುವ ಸಲಕರಣೆಯನ್ನು ಆದಷ್ಟು ಕಡಿಮೆ ಬಳಸಿ. ತುಕ್ಕಿನ ಬೀಜಕದ ಒಂದು ಬದಿ ಮುಳ್ಳುಮುಳ್ಳು, ಇನ್ನೊಂದು ಬದಿ ನುಣುಪು. ಈ ಶಿಲೀಂಧ್ರದ ‘ಹೆಮಿಲಿಯಾ’ ಎಂಬ ಹೆಸರಿನ ಅರ್ಥವೇ ಅರ್ಧ ನುಣುಪು ಎಂದು. ನುಣುಪು ಮಾಡುವ ಆಸೆಗೆ ಬಿದ್ದು ನೀವೇ ಆ ಮುಳ್ಳನ್ನು ಅಳಿಸಿಹಾಕಬಾರದು.

ಗಿಡದ ಚಾನೆಲ್‌ಗೂ ಹೀಗೆಯೇ ಮಾಡಿ, ಎರಡನ್ನೂ ಓಬಿಜೆ ರೂಪದಲ್ಲಿ ಹೊರತೆಗೆಯಿರಿ.

ಬ್ಲೆಂಡರ್‌ನಲ್ಲಿ ಹದ ಮಾಡುವುದು

ಎರಡೂ ಮಾದರಿಗಳನ್ನು ಒಟ್ಟಿಗೆ ತನ್ನಿ. ಒಂದೊಂದನ್ನೇ ನಡುವಿಗೆ ಎಳೆಯಬೇಡಿ. ಎಳೆದರೆ ಎಲೆಗೂ ಶಿಲೀಂಧ್ರಕ್ಕೂ ಇದ್ದ ಸ್ಥಾನ ಸಂಬಂಧವೇ ಹೋಯಿತು. ಎರಡನ್ನೂ ಸೇರಿಸಿ ಆರಿಸಿ, ಗಾತ್ರವನ್ನು 0.001ಕ್ಕೆ ಇಳಿಸಿ, ಆ ಬದಲಾವಣೆಯನ್ನು ಅಪ್ಲೈ ಮಾಡಿ. ಬ್ಲೆಂಡರ್ ಬರುವ ಅಂಕಿಗಳನ್ನು ಮೀಟರ್ ಎಂದು ಓದುತ್ತದೆ. ಈ ಹೆಜ್ಜೆ ಮರೆತರೆ ಎಲೆ ಮುನ್ನೂರು ಮೀಟರ್ ಅಗಲವಾಗಿ ನೀವು ಒಂದೇ ಜೀವಕೋಶದೊಳಗೆ ನಿಂತಿರುತ್ತೀರಿ, ಏನೂ ಕಾಣುವುದಿಲ್ಲ.

ಮಾದರಿಯ ಮೇಲ್ಮೈ ಸಣ್ಣ ಸಣ್ಣ ತ್ರಿಕೋನಗಳಿಂದ ಹೆಣೆದದ್ದು. ಡೆಸಿಮೇಟ್ ಎಂಬ ಸಲಕರಣೆ ಬಳಸಿ ಅವನ್ನು ಕಡಿಮೆ ಮಾಡಿ. ಹೆಡ್‌ಸೆಟ್ ತಾನೇ ನಡೆಸಬೇಕಾದರೆ ಎಲ್ಲ ಸೇರಿ ಎರಡು ಮೂರು ಲಕ್ಷ ತ್ರಿಕೋನಗಳ ಒಳಗಿದ್ದರೆ ನಮ್ಮಲ್ಲಿ ಸಲೀಸಾಗಿ ಓಡಿದೆ. ಚಿತ್ರ ತಡವರಿಸಿದರೆ ನೋಡುವವರಿಗೆ ಹೊಟ್ಟೆ ತೊಳಸುತ್ತದೆ, ಭಾಗಮಂಡಲದ ತಿರುವಿನಲ್ಲಿ ಬಸ್ಸಿನ ಹಿಂದಿನ ಸೀಟಲ್ಲಿ ಕೂತವರ ಹಾಗೆ.

ಕೋಶಭಿತ್ತಿಯನ್ನು ಗಾಜಿನಂತೆ ಪಾರದರ್ಶಕ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಹತ್ತಾರು ಪಾರದರ್ಶಕ ಪದರಗಳು ಒಂದರ ಹಿಂದೊಂದು ಬಂದರೆ ಯಾವುದು ಮುಂದೆ, ಯಾವುದು ಹಿಂದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ, ಹೆಡ್‌ಸೆಟ್‌ಗೂ ಭಾರ. ಕಿತ್ತಳೆ ಹಣ್ಣನ್ನು ಅಡ್ಡ ಕತ್ತರಿಸಿದ ಹಾಗೆ ಗಿಡದ ಭಾಗವನ್ನು ಒಂದು ಪತ್ರರಂಧ್ರದ ನಡುವೆಯೇ ಕತ್ತರಿಸಿ ಅರ್ಧ ತೆಗೆದುಬಿಡಿ. ಶಿಲೀಂಧ್ರವನ್ನು ಪೂರ್ತಿ ಇಡಿ. ಬಣ್ಣ ಕೆಂಪು ಹಸಿರು ಬೇಡ, ಕೆಲವರ ಕಣ್ಣಿಗೆ ಆ ಎರಡೂ ಒಂದೇ. ಕಡುಗುಲಾಬಿ ಮತ್ತು ಹಸಿರು ಹೆಚ್ಚಿನವರಿಗೆ ಬೇರೆ ಬೇರೆಯಾಗಿ ಕಾಣುತ್ತವೆ. ಪಕ್ಕದಲ್ಲಿ 10 ಸೆಂ.ಮೀ. ಉದ್ದದ ಒಂದು ಕಡ್ಡಿ ಇಟ್ಟು ‘100 ಮೈಕ್ರಾನ್’ ಎಂದು ಬರೆಯಿರಿ. ಜಿಎಲ್‌ಬಿ ರೂಪದಲ್ಲಿ ಉಳಿಸಿ.

ಮೇಜಿನ ಮೇಲೆ ತರುವುದು

ನಮಗೆ ಸುಲಭವಾದ ದಾರಿ ಹೆಡ್‌ಸೆಟ್‌ನ ಬ್ರೌಸರ್. ವೆಬ್‌ಎಕ್ಸ್‌ಆರ್ ಎಂಬ ವ್ಯವಸ್ಥೆಯಲ್ಲಿ ಯಾವ ಆ್ಯಪ್ ಕೂಡ ಹಾಕದೆ ವೆಬ್ ಪುಟದಿಂದಲೇ ಮಾದರಿಯನ್ನು ಕೋಣೆಗೆ ತರಬಹುದು. ಇದಕ್ಕೆಂದೇ ಇರುವ ಎ-ಫ್ರೇಮ್ ಎಂಬ ಸಿದ್ಧ ಕೋಡ್ ಬಳಸಿದರೆ ಪುಟ ಬರೆಯಲು ಹತ್ತಿಪ್ಪತ್ತು ಸಾಲು ಸಾಕು. ಕಂಪ್ಯೂಟರ್ ವಿಭಾಗದ ವಿದ್ಯಾರ್ಥಿಯೊಬ್ಬ ಒಂದು ಮಧ್ಯಾಹ್ನದಲ್ಲಿ ಮಾಡಿಕೊಟ್ಟ. ಪುಟ ಎಚ್‌ಟಿಟಿಪಿಎಸ್ ವಿಳಾಸದಲ್ಲಿರಬೇಕು, ಇಲ್ಲದಿದ್ದರೆ ಬ್ರೌಸರ್ ಒಪ್ಪುವುದಿಲ್ಲ. ಗಿಟ್‌ಹಬ್ ಪೇಜಸ್‌ನಲ್ಲಿ ಉಚಿತವಾಗಿ ಇಡಬಹುದು. ತರಗತಿಗೆ ಅರ್ಧ ಗಂಟೆ ಮುಂಚೆ ಪುಟ ತೆರೆದು ಮಾದರಿ ಪೂರ್ತಿ ಇಳಿದಿದೆಯೇ ನೋಡಿಕೊಳ್ಳಿ.

ಮೇಲ್ಮೈ ಬಿಡಿಸದೆ, ಸ್ಕ್ಯಾನನ್ನು ಇದ್ದಂತೆಯೇ ಮೋಡದ ಹಾಗೆ ನೋಡುವ ದಾರಿಯೂ ಇದೆ. ಸ್ಲೈಸರ್‌ಗೆ ವರ್ಚುವಲ್ ರಿಯಾಲಿಟಿ ಎಕ್ಸ್‌ಟೆನ್ಷನ್ ಹಾಕಿ, ಹೆಡ್‌ಸೆಟನ್ನು ಲ್ಯಾಪ್‌ಟಾಪ್‌ಗೆ ಕೇಬಲ್‌ನಲ್ಲಿ ಜೋಡಿಸಿ, ವಾಲ್ಯೂಮ್ ರೆಂಡರಿಂಗ್ ಆನ್ ಮಾಡಬೇಕು. ಇದರಲ್ಲಿ ತ್ರೆಶೋಲ್ಡ್‌ನ ಕಟುವಾದ ಗೆರೆ ಇಲ್ಲ, ಮಸುಕು ಮಸುಕಾಗಿಯೇ ಕಾಣುತ್ತದೆ, ಅದೇ ಅದರ ಪ್ರಾಮಾಣಿಕತೆ. ನಾವು ಬಳಸಿದಾಗ ಕೋಣೆ ಮರೆಯಾಯಿತು, ಗ್ರಾಫಿಕ್ಸ್ ಕಾರ್ಡ್ ಬಿಸಿಯೇರಿತು. ಒಬ್ಬರೇ ಕೂತು ಪರೀಕ್ಷಿಸಲು ಇದು, ತರಗತಿಗೆ ಹಿಂದಿನದು.

ಕೋಣೆಯಲ್ಲಿ ಬೆಳಕು ಬೇಕು. ಹೆಡ್‌ಸೆಟ್ ತನ್ನ ಕ್ಯಾಮೆರಾಗಳಿಂದಲೇ ತಾನೆಲ್ಲಿದ್ದೇನೆಂದು ತಿಳಿದುಕೊಳ್ಳುವುದು. ಮಳೆಗಾಲದ ಮಧ್ಯಾಹ್ನ ಮೂರು ಗಂಟೆಗೇ ಮಂಜು ಕವಿದು ಕತ್ತಲಾಗುತ್ತದೆ, ಆಗ ಎಲೆ ಮೇಜಿನಿಂದ ಜಾರಿ ತೇಲತೊಡಗುತ್ತದೆ, ಟ್ಯೂಬ್‌ಲೈಟ್ ಹಾಕಿ. ಬೇಸಿಗೆಯಲ್ಲಿ ಇದರ ಉಲ್ಟಾ ಎಚ್ಚರ: ಕಿಟಕಿಯ ಬಿಸಿಲು ಹೆಡ್‌ಸೆಟ್‌ನ ಒಳಗಿನ ಲೆನ್ಸಿಗೆ ಬಿದ್ದರೆ ಪರದೆ ಸುಟ್ಟುಹೋಗುತ್ತದೆ. ಮೇಜನ್ನು ಖಾಲಿ ಮಾಡಿ, ಸುತ್ತ ಓಡಾಡಲು ಜಾಗ ಬಿಡಿ.

ಒಬ್ಬರಿಗೆ ಹತ್ತು ನಿಮಿಷ ಸಾಕು. ಮೊದಲ ಎರಡು ನಿಮಿಷ ಏನನ್ನೂ ಕೇಳಬೇಡಿ, ಸುತ್ತಿ ನೋಡಲಿ. ಆಮೇಲೆ ಕಡ್ಡಿಯನ್ನು ತೋರಿಸಿ, ಪತ್ರರಂಧ್ರದ ಉದ್ದ ಎಷ್ಟು ಎಂದು ಅಂದಾಜು ಮಾಡಿಸಿ. ಸಾವಿರ ಪಟ್ಟಿನಲ್ಲಿ ಅದು ಎರಡು ಸೆಂಟಿಮೀಟರ್‌ಗೆ ಸ್ವಲ್ಪ ಹೆಚ್ಚು, ಅದರ ನಡುವಿನ ಬಾಯಿ ಕೆಲವೇ ಮಿಲಿಮೀಟರ್ ಅಗಲ. ಪಕ್ಕದಲ್ಲಿ ಕೂತ ಬೀಜಕ ಮೂರು ಸೆಂಟಿಮೀಟರ್‌ನಷ್ಟು. ತಪ್ಪು ಉತ್ತರ ಇಲ್ಲಿಗೆ ತಾನಾಗಿ ಬೀಳುತ್ತದೆ, ನಾವು ಹೇಳಬೇಕಾಗಿಲ್ಲ. ಎಳೆ ಎಲ್ಲಿ ಇಳಿದಿದೆ ಎಂದು ಬೆರಳಿಟ್ಟು ತೋರಿಸಲಿ. ಕೊನೆಗೆ ಹೆಡ್‌ಸೆಟ್ ತೆಗೆಸಿ, ಫಿಜಿಯಲ್ಲಿ ಅದೇ ಪದರಕ್ಕೆ ಕರೆದುಕೊಂಡು ಹೋಗಿ, ಕಂಡದ್ದು ಅಲ್ಲೂ ಇದೆಯೇ ಎಂದು ನೋಡಿಸಿ. ಈ ಕೊನೆಯ ಹೆಜ್ಜೆ ಬಿಟ್ಟರೆ ಉಳಿದದ್ದೆಲ್ಲ ಬರೀ ನೋಟ. ಮೂಲ ಪದರದಲ್ಲಿ ಇಲ್ಲದ್ದು ಹೆಡ್‌ಸೆಟ್‌ನಲ್ಲಿ ಕಂಡರೆ, ತಪ್ಪಿದ್ದು ನಮ್ಮ ಗೆರೆ.

ಶ್ವಾಸಕೋಶದ ಸ್ಕ್ಯಾನ್ ಆದರೆ ಅಳತೆ ಬದಲಿಸಿ. ಗಾಳಿಗೂಡು ಸುಮಾರು 200 ಮೈಕ್ರಾನ್. ಸಾವಿರ ಪಟ್ಟಿಗೆ ಅದು ಚಕ್ಕೋತದಷ್ಟಾಗಿ ಮೇಜು ಸಾಲುವುದಿಲ್ಲ. ನೂರು ಪಟ್ಟು ಇಡಿ, ಎರಡು ಸೆಂಟಿಮೀಟರ್ ಆಗುತ್ತದೆ. ಆಸ್ಪತ್ರೆಯ ರೋಗಿಯ ಸ್ಕ್ಯಾನ್ ಬಳಸುವುದಾದರೆ ಒಪ್ಪಿಗೆ ಇಲ್ಲದೆ ಮುಟ್ಟಬೇಡಿ, ಡೈಕಾಮ್ ಫೈಲಿನೊಳಗಿರುವ ಹೆಸರು, ಹುಟ್ಟಿದ ದಿನ, ನಂಬರು ಎಲ್ಲವನ್ನೂ ಅಳಿಸಿ. ತಲೆಯ ಸ್ಕ್ಯಾನ್‌ನಲ್ಲಿ ಮುಖವೇ ಗುರುತಾಗುತ್ತದೆ ಎಂಬುದನ್ನು ಮರೆಯಬೇಡಿ. ಅಂಥದ್ದನ್ನು ವೆಬ್ ಪುಟಕ್ಕೆ ಏರಿಸಲೇಬೇಡಿ.

ಕಾಲೇಜನ್ನು ಊರವರಿಗೆ ತೆರೆದಿಟ್ಟ ದಿನ ಒಬ್ಬ ಹಿರಿಯ ಬೆಳೆಗಾರರು ಮೊಮ್ಮಗಳ ಜೊತೆ ಬಂದಿದ್ದರು. ಹೆಡ್‌ಸೆಟ್ ಹಾಕಿಕೊಂಡು ಮೇಜಿನ ಸುತ್ತ ನಿಧಾನಕ್ಕೆ ಒಂದು ಸುತ್ತು ಬಂದರು. “ಬಾಗಿಲೆಲ್ಲ ಅಡಿಗೇ ಇದೆ. ಆಳುಗಳು ಬೋರ್ಡೋ ಔಷಧಿ ಹೊಡೆಯುವಾಗ ಮೇಲಿಂದ ಹೊಡ್ಕೊಂಡು ಹೋಗ್ತಾರೆ. ಗನ್ ಕೆಳಗಿಂದ ಮೇಲಕ್ಕೆ ಹಿಡೀಬೇಕು ಅಂತ ಹೇಳಿ ಹೇಳಿ ಸಾಕಾಯ್ತು. ಅವರನ್ನೂ ಕರ್ಕೊಂಡು ಬರ್ಲಾ ಮೇಡಂ?” ಎಂದರು. ಮುಂದಿನ ಭಾನುವಾರ ಒಂಬತ್ತು ಜನ ಬಂದರು. ಅವರಿಗಾಗಿ ಕಡ್ಡಿಯ ಮೇಲಿನ ‘100 ಮೈಕ್ರಾನ್’ ಅಳಿಸಿ, ‘ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ’ ಎಂದು ಬರೆದೆವು.

ಮಳೆಗಾಲದ ಜೋಪಾನ

ನಮ್ಮೂರಿನ ತೇವದಲ್ಲಿ ಕ್ಯಾಮೆರಾ ಲೆನ್ಸ್‌ಗೆ ಬೂಷ್ಟು ಹಿಡಿಯುವುದು ಎಲ್ಲರಿಗೂ ಗೊತ್ತು. ಹೆಡ್‌ಸೆಟ್‌ಗೂ ಅದೇ ಗತಿ. ಬಳಸಿದ ಮೇಲೆ ಮುಖಕ್ಕೆ ತಾಗುವ ಮೆತ್ತೆಯನ್ನು ಒರೆಸಿ ಒಣಗಿಸಿ. ಲೆನ್ಸನ್ನು ಒಣ ಮೈಕ್ರೋಫೈಬರ್ ಬಟ್ಟೆಯಿಂದ ಮಾತ್ರ ಒರೆಸಿ, ಸ್ಯಾನಿಟೈಸರ್ ತಾಗಿಸಬೇಡಿ. ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀಲಿ ಸಿಲಿಕಾ ಜೆಲ್ ಜೊತೆ ಇಡಿ. ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬದಲಿಸಿ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನಾವು ವಾರಕ್ಕೊಮ್ಮೆ ನೋಡುತ್ತೇವೆ. ರಜೆ ಇದ್ದರೂ ಯಾರಾದರೂ ಬಂದು ಒಂದು ಗಂಟೆ ಆನ್ ಮಾಡಿಟ್ಟು, ಬ್ಯಾಟರಿಯನ್ನು ಅರ್ಧಕ್ಕಿಂತ ಸ್ವಲ್ಪ ಮೇಲೆ ತುಂಬಿಸಿ, ಮತ್ತೆ ಡಬ್ಬಿಗೆ ಹಾಕುತ್ತಾರೆ. ಡಬ್ಬಿಯ ಮುಚ್ಚಳದ ಮೇಲೆ ಅಂಟಿಸಿದ ಹಾಳೆಯಲ್ಲಿ ತಾರೀಕು, ಮಾದರಿಯ ಹೆಸರು, ವೋಕ್ಸೆಲ್ ಅಳತೆ, ಬಳಸಿದ ಮೂರು ತ್ರೆಶೋಲ್ಡ್ ಅಂಕಿಗಳು.